ಇಲ್ಲದ ಚುಕ್ಕೆಗಳು

ಹಿರಿಯೂರಿನ ಹೊರವಲಯದಲ್ಲಿದ್ದ ಬಯಲು ನಕ್ಷೆ ಕೇಂದ್ರದಲ್ಲಿ ಏನು ಕೆಟ್ಟರೂ ಒಂದೇ ಮಾತು ಹೇಳುವ ರೂಢಿ ಇತ್ತು. ಪ್ರಿಂಟರ್ ಕಾಗದ ಕಚ್ಚಿಕೊಂಡರೆ, ಕ್ಯಾಂಟೀನಿನಲ್ಲಿ ಸಾರು ಉಪ್ಪಾದರೆ, ಯಾರಾದರೊಬ್ಬರು ಬಾಗಲಕೋಟೆ ಕಡೆಯ ರಾಗ ಎಳೆದು, "ಹಣಿಗಿ ಕೆಟ್ಟೈತ್ರೀ ಸರ!" ಎನ್ನುತ್ತಿದ್ದರು. ಸುತ್ತಲಿದ್ದವರು ನಗುತ್ತಿದ್ದರು. ಮಾತು ಎಲ್ಲಿಂದ ಬಂತೆಂದು ಹೊಸಬರಿಗೆ ಗೊತ್ತಿರಲಿಲ್ಲ. ಡಾ. ರೇಣುಪ್ರಸಾದರಿಗೆ ಗೊತ್ತಿತ್ತು. ಅದನ್ನು ಮೊದಲು ಅಣಕಿಸಿದವರು ಅವರೇ.

2049ರ ಆಗಸ್ಟ್ 11, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ತಬಸ್ಸುಮ್ ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಕೋಣೆಗೆ ಬಂದಳು. ದಾವಣಗೆರೆಯವಳು, ಕೇಂದ್ರಕ್ಕೆ ಸೇರಿ ಎಂಟು ತಿಂಗಳಾಗಿತ್ತು.

"ಸರ್, ನಿಮ್ಮ ಹಣಿಗಿ ನಿಜವಾಗ್ಲೂ ಕೆಟ್ಟೈತೆ" ಎಂದಳು.

ರೇಣುಪ್ರಸಾದ್ ನಕ್ಕರು. ಅವಳು ನಗಲಿಲ್ಲ.

ಕೇಂದ್ರ ಹುಟ್ಟಿದ್ದು ಒಂದೇ ಒಂದು ಪ್ರಶ್ನೆಗಾಗಿ. ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ ಎಂದು ದೂರದ ಸ್ಫೋಟಗಳ ಬೆಳಕು ಹೇಳುತ್ತದೆ. ಹೆಚ್ಚಿಸುತ್ತಿರುವುದು ಯಾವುದು? ಕಣ್ಣಿಗೆ ಕಾಣದ ಒಂದು ಶಕ್ತಿ ಎಂದು ಬಹುಪಾಲು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ತಳದಲ್ಲಿ ಒಂದು ಊಹೆ ಇದೆ: ದೊಡ್ಡ ಅಳತೆಯಲ್ಲಿ ನೋಡಿದರೆ ವಿಶ್ವದಲ್ಲಿ ದ್ರವ್ಯ ಎಲ್ಲೆಡೆ ಸಮನಾಗಿ ಹರಡಿದೆ. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಗ್ಯಾಲಕ್ಸಿಗಳು ಸೋಪಿನ ನೊರೆಯ ಪೊರೆಗಳಂತೆ ಸಾಲುಗಟ್ಟಿವೆ. ನಡುವೆ ಕೋಟ್ಯಂತರ ಜ್ಯೋತಿರ್ವರ್ಷಗಳಷ್ಟು ಅಗಲದ ಖಾಲಿ ಜಾಗಗಳಿವೆ. ಕೇಂದ್ರದವರು ಅವುಗಳನ್ನು ಬಯಲು ಎಂದು ಕರೆಯುತ್ತಿದ್ದರು. ಬಯಲಿನಲ್ಲಿ ದ್ರವ್ಯ ಕಡಿಮೆ, ಆದ್ದರಿಂದ ಗುರುತ್ವದ ತಡೆಯೂ ಕಡಿಮೆ. ಅಲ್ಲಿ ಜಾಗ ಬೇಗ ಹಿಗ್ಗುತ್ತದೆ, ಗಡಿಯಾರವೂ ನಮ್ಮದಕ್ಕಿಂತ ಬೇಗ ಓಡುತ್ತದೆ. ಕಾಲ ಕಳೆದಂತೆ ವಿಶ್ವದಲ್ಲಿ ಬಯಲಿನ ಪಾಲೇ ಹೆಚ್ಚಾಗುವುದರಿಂದ, ಯಾವ ಶಕ್ತಿಯೂ ದೂಡದಿದ್ದರೂ ಒಟ್ಟಾರೆ ವೇಗ ಏರಿದಂತೆ ಕಾಣಬಹುದು. ಹಾಗಾದರೆ ಆ ಕಾಣದ ಶಕ್ತಿ ನಮ್ಮ ಸರಾಸರಿ ಲೆಕ್ಕದ ಭ್ರಮೆಯೇ?

ತಿಳಿಯಬೇಕಾದರೆ ಬಯಲು ಎಷ್ಟು ಬರಿದು ಎಂಬುದನ್ನು ಅಳೆಯಬೇಕು. ಅಂದರೆ ಅಲ್ಲಿ ಅಪರೂಪಕ್ಕೆ ಇರುವ ಮಸುಕು ಗ್ಯಾಲಕ್ಸಿಗಳನ್ನು ಎಣಿಸಬೇಕು. 2041ರಲ್ಲಿ ಹಾರಿದ ದೂರದರ್ಶಕವೊಂದು ಚಿತ್ರ ಕಳಿಸಿತು. ಅಷ್ಟು ಮಸುಕಾದುದನ್ನು ಗುರುತಿಸಲು ಯಂತ್ರಕ್ಕೆ ಮೊದಲು ಮನುಷ್ಯರು ಕಲಿಸಬೇಕಿತ್ತು. ಕೇಂದ್ರ ಸ್ವಯಂಸೇವಕರನ್ನು ಕರೆಯಿತು. ಒಂದು ಲಕ್ಷ ಹನ್ನೆರಡು ಸಾವಿರ ಜನ ಬಂದರು. ಒಂದೊಂದು ಚಿತ್ರವನ್ನೂ ಮೂವತ್ತು ಜನರಿಗೆ ತೋರಿಸಲಾಯಿತು. ಪ್ರತಿ ಚುಕ್ಕೆಯ ಕೆಳಗೆ ಮೂರು ಗುಂಡಿಗಳು: ಇದೆ, ಇಲ್ಲ, ಗೊತ್ತಿಲ್ಲ. ಹೆಚ್ಚು ಜನ ಹೇಳಿದ್ದೇ ಉತ್ತರ. ಉಳಿದವರೊಂದಿಗೆ ಮತ್ತೆ ಮತ್ತೆ ಹೊಂದದವರ ಅಂಕ ಇಳಿಯುತ್ತಿತ್ತು. ನಲವತ್ತಕ್ಕಿಂತ ಕೆಳಗೆ ಹೋದರೆ ಅವರ ಗುರುತುಗಳನ್ನೆಲ್ಲ ತೆಗೆದುಹಾಕಲಾಗುತ್ತಿತ್ತು. ಇದು ಎಲ್ಲ ಕಡೆಯೂ ಇರುವ ಪದ್ಧತಿ, ಸಮಂಜಸವಾದ ಪದ್ಧತಿ. ಅದರ ಹೊಣೆ ರೇಣುಪ್ರಸಾದರದ್ದಾಗಿತ್ತು.

2044ರಲ್ಲಿ ಫಲಿತಾಂಶ ಬಂತು. ಬಯಲುಗಳು ಅಂದುಕೊಂಡಷ್ಟು ಬರಿದಾಗಿಲ್ಲ. ಹಿಗ್ಗುವಿಕೆಯ ಏರಿಕೆಯಲ್ಲಿ ದ್ರವ್ಯದ ಅಸಮಾನತೆಯ ಪಾಲು ಶೇಕಡ ಮೂರು ಮಾತ್ರ. ಪ್ರಶ್ನೆ ಮುಗಿಯಿತೆಂದು ಪತ್ರಿಕೆಗಳು ಬರೆದವು.

ಈಗ ತಬಸ್ಸುಮ್ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. ಆಕಾಶದ ಒಂದೇ ತುಂಡು. ಎಡಗಡೆಯದು ಹಳೆಯ ದೂರದರ್ಶಕದ್ದು, ಬಲಗಡೆಯದು ಕಳೆದ ವರ್ಷ ಹಾರಿದ ಹೊಸದರದ್ದು. ಎಡಗಡೆ ಏಳು ಮಸುಕು ಚುಕ್ಕೆಗಳಿದ್ದವು, ಬಲಗಡೆ ಎರಡು.

"ಬಯಲಿನ ಚಿತ್ರಗಳಲ್ಲಿ ನೂರಕ್ಕೆ ನಲವತ್ತೊಂದು ಚುಕ್ಕೆ ಇಲ್ವೇ ಇಲ್ಲ ಸರ್. ಕ್ಯಾಮೆರಾದ ಕಲೆಗಳು. ಅಂಥ ಕಲೆ ಬೀಳೋ ಮೂವತ್ತೆಂಟು ಜಾಗ ಇದಾವೆ. ಒಂದು ಚಿತ್ರದಲ್ಲಿ ಮೂರು ಕಾಣ್ತಾವೆ, ಇನ್ನೊಂದ್ರಲ್ಲಿ ಐದು. ಆದ್ರೆ ಆ ಮೂವತ್ತೆಂಟು ಬಿಟ್ಟು ಬೇರೆ ಕಡೆ ಬರಲ್ಲ."

"ಕಲೆ ತೆಗೆಯೋಕೆ ತಿದ್ದುಪಡಿ ಹಾಕಿದ್ವಲ್ಲ?"

"ಎಲ್ಲಾ ಚಿತ್ರಗಳ ಸರಾಸರಿ ತಗೊಂಡು ಹಾಕಿದ್ರಿ. ಗ್ಯಾಲಕ್ಸಿ ತುಂಬಿರೋ ಚಿತ್ರಗಳಲ್ಲಿ ಕಲೆ ಮುಚ್ಚಿಹೋಗುತ್ತೆ. ಬಯಲನ್ನ ನಾಲ್ಕು ಪಟ್ಟು ಹೊತ್ತು ನೋಡಿದ್ರಿ, ಅಲ್ಲಿ ಕಲೆ ದಪ್ಪ ಆಗುತ್ತೆ. ಸರಾಸರಿಗೆ ಅದು ಗೊತ್ತಾಗಲಿಲ್ಲ."

"ಕಂಡುಹಿಡಿಯೋಕೆ ಎಷ್ಟು ಹೊತ್ತು ಬೇಕಾಯ್ತು?"

"ಖಾಲಿ ಚಿತ್ರಗಳನ್ನಷ್ಟೇ ಒಂದರ ಮೇಲೊಂದು ಇಟ್ಟೆ. ಇಪ್ಪತ್ತು ನಿಮಿಷ." ಅವಳು ಇನ್ನೊಂದು ಪಟ್ಟಿ ತೆರೆದಳು. "ಸರ್, ಇನ್ನೊಂದು ಇದೆ. ಆ ಮೂವತ್ತೆಂಟು ಜಾಗಕ್ಕೆ 'ಇಲ್ಲ' ಒತ್ತಿದೋರು ಯಾರಾದ್ರೂ ಇದಾರಾ ಅಂತ ಹಳೇ ದಾಖಲೆ ನೋಡಿದೆ. ಒಬ್ರು ಇದಾರೆ. ನೂರಕ್ಕೆ ತೊಂಬತ್ತಾರು ಸಲ ಸರಿ. ಹನ್ನೊಂದು ಸಾವಿರದ ನಾನೂರ ಆರು ಚಿತ್ರ ನೋಡಿದಾರೆ. ಒಂದೇ ಒಂದು ಸಲ 'ಗೊತ್ತಿಲ್ಲ' ಒತ್ತಿಲ್ಲ. ಸಂಖ್ಯೆ ಇಪ್ಪತ್ತು ಸಾವಿರದ ಏಳುನೂರ ಹತ್ತೊಂಬತ್ತು. ತೆಗೆದುಹಾಕಿದೀರಿ."

ಹೆಸರು ನೋಡಬೇಕಾದ ಅಗತ್ಯ ರೇಣುಪ್ರಸಾದರಿಗೆ ಇರಲಿಲ್ಲ.

ಗುಳೇದಗುಡ್ಡದ ದಾಕ್ಷಾಯಣಿ ರಂಜಣಗಿ. 2043ರ ಫೆಬ್ರವರಿಯಲ್ಲಿ ಆಕೆ ಕಳಿಸಿದ ಧ್ವನಿ ಸಂದೇಶ ದಾಖಲೆಯಲ್ಲಿ ಇನ್ನೂ ಇತ್ತು. ತಬಸ್ಸುಮ್ ಹೋದ ಮೇಲೆ ಬಾಗಿಲು ಹಾಕಿಕೊಂಡು ಅದನ್ನು ಕೇಳಿದರು.

"ನಮಸ್ಕಾರ್ರೀ ಸರ. ಖಾಲಿ ಚಿತ್ರದಾಗಿನ ಸಣ್ಣ ಚುಕ್ಕಿ ಬಗ್ಗೆ ಹೇಳೂದಿತ್ತು. ಆಕಾಶ ಬ್ಯಾರೆ ಬ್ಯಾರೆ ಇರ್ತೈತ್ರಿ, ಚುಕ್ಕಿ ಮಾತ್ರ ಅಲ್ಲಲ್ಲೇ ಬರ್ತಾವು. ಎಡಗಡೆ ಮ್ಯಾಲ ಒಂದು ಗುಂಪು, ಬಲಗಡೆ ತಳಗ ಒಂದು ಗುಂಪು. ನಮ್ಮ ಮಗ್ಗದಾಗ ಹತ್ತು ಖಣ ನೇಯ್ದ್ರ, ಹತ್ತರಾಗೂ ಅದ ಜಾಗಾದಾಗ ಗೆರಿ ಬಿದ್ರ, ಅದು ನೂಲಿಂದು ತಪ್ಪಲ್ಲ. ಹಣಿಗಿ ಕೆಟ್ಟೈತ್ರೀ ಸರ. ನಿಮ್ಮ ಹಣಿಗಿ ಒಮ್ಮೆ ನೋಡ್ರಿ."

ಹಣಿಗೆ ಎಂದರೆ ಮಗ್ಗದಲ್ಲಿ ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿಯುವ ಭಾಗ. ಅದರ ಒಂದು ಹಲ್ಲು ಸೊಟ್ಟಗಾದರೆ ನೇಯ್ದ ಖಣದ, ಅಂದರೆ ರವಿಕೆ ಬಟ್ಟೆಯ, ಉದ್ದಕ್ಕೂ ಗೆರೆ. ಇದನ್ನು ರೇಣುಪ್ರಸಾದ್ ಆಗಲೇ ತಿಳಿದುಕೊಂಡಿದ್ದರು. ಮಧ್ಯಾಹ್ನದ ಊಟದ ಮೇಜಿನಲ್ಲಿ ಸಂದೇಶವನ್ನು ಎಲ್ಲರಿಗೂ ಕೇಳಿಸಿದ್ದರು, ಹಣಿಗೆ ಎಂದರೇನೆಂದು ವಿವರಿಸಿಯೂ ಇದ್ದರು. "ನಾನೂರು ಜನ ಎಂಜಿನಿಯರುಗಳು ಕಟ್ಟಿದ ಕ್ಯಾಮೆರಾ" ಎಂದು ಯಾರೋ ಅಂದಿದ್ದರು. ರಾಗ ಎಳೆದು ಅಣಕಿಸಿದ್ದು ತಾವು. ಎಲ್ಲರೂ ನಕ್ಕಿದ್ದರು.

ಅಷ್ಟೇ ಆಗಿದ್ದರೆ ಮರೆಯಬಹುದಿತ್ತೇನೋ. ಮುಂದಿನ ತಿಂಗಳು ಆಕೆಯ ಅಂಕ ನಲವತ್ತಕ್ಕಿಂತ ಕೆಳಗಿಳಿಯಿತು. ಅತಿ ಹೆಚ್ಚು ಚಿತ್ರ ನೋಡಿದ ನೂರು ಜನರಲ್ಲಿ ಆಕೆಯೂ ಒಬ್ಬರಾದ್ದರಿಂದ ರೂಢಿಯ ಇಮೇಲ್ ಬದಲು ಕೇಂದ್ರದ ಮುದ್ರೆಯಿದ್ದ ಕಾಗದದಲ್ಲಿ, ರಿಜಿಸ್ಟರ್ ಅಂಚೆಯಲ್ಲಿ ಪತ್ರ ಕಳಿಸಿದರು. ಗುರುತುಗಳನ್ನು ತೆಗೆದುಹಾಕಿದ್ದೇವೆ ಎಂದು ತಿಳಿಸುವ ಸಿದ್ಧಪಾಠದಲ್ಲಿ ಮೂರು ವಾಕ್ಯಗಳಿದ್ದವು. ವಯಸ್ಸು ಐವತ್ತೆಂಟು ಎಂದು ಕಂಡು, ತಮ್ಮ ತಾಯಿಯ ಕಣ್ಣಿನ ಪೊರೆಯ ನೆನಪಾಗಿ, ರೇಣುಪ್ರಸಾದ್ ನಾಲ್ಕನೆಯದನ್ನು ತಾವೇ ಸೇರಿಸಿದರು: "ತಾವು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು."

ಸಂಜೆ ಮನೆಯಲ್ಲಿ ಹೆಂಡತಿ ಕುಮುದಾ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಅಸಮಾನತೆಯ ಪಾಲು ಎಷ್ಟು ಎಂಬುದು ಒಂದು ಅಂಕದ ಪ್ರಶ್ನೆ. ಮೂರು ಎಂದು ಬರೆದವರಿಗೆಲ್ಲ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದರು.

"ಅದು ತಪ್ಪು" ಎಂದರು ರೇಣುಪ್ರಸಾದ್. "ಬಯಲುಗಳು ನಿಜಕ್ಕೂ ಬರಿದು, ಹೊಸ ಲೆಕ್ಕದಲ್ಲಿ ಅರವತ್ತರ ಹತ್ತಿರ ಬರುತ್ತೆ. ಇನ್ನೂ ಎರಡು ಕಡೆ ಪರಿಶೀಲನೆ ಆಗಬೇಕು."

ಕುಮುದಾ ಪೆನ್ನು ಕೆಳಗಿಟ್ಟರು. ರೇಣುಪ್ರಸಾದ್ ಎಲ್ಲವನ್ನೂ ಹೇಳಿದರು, ಪತ್ರದವರೆಗೆ.

"ಆ ಕಣ್ಣಿನ ಮಾತು ಸಿದ್ಧಪಾಠದಲ್ಲಿತ್ತಾ?"

"ಇಲ್ಲ."

"ನೀವೇ ಬರೆದಿದ್ದಾ?"

"ಒಳ್ಳೇದಕ್ಕೇ ಬರೆದೆ."

"ಒಳ್ಳೇದಕ್ಕೆ ಬರೆಯೋಕೆ ಪುರುಸೊತ್ತಿತ್ತು" ಎಂದರು ಕುಮುದಾ. "ಚಿತ್ರ ನೋಡೋಕೆ ಇಪ್ಪತ್ತು ನಿಮಿಷ ಇರಲಿಲ್ಲ."

ಆಮೇಲೆ ಉತ್ತರ ಪತ್ರಿಕೆಗಳನ್ನು ಹಾಗೆಯೇ ಕಟ್ಟಿಟ್ಟರು.

ಎರಡು ಕಡೆಯ ಪರಿಶೀಲನೆಗೆ ಮೂರು ವಾರ ಹಿಡಿಯಿತು. ಅಸಮಾನತೆಯ ಪಾಲು ಶೇಕಡ ಐವತ್ತೆಂಟು, ಆಚೆ ಈಚೆ ಏಳು. ಕಾಣದ ಶಕ್ತಿ ಪೂರ್ತಿ ಇಲ್ಲವಾಗಲಿಲ್ಲ, ಅರ್ಧಕ್ಕಿಂತ ಕಡಿಮೆಯಾಯಿತು. ನಿರ್ದೇಶಕ ಮಂದಣ್ಣ ತಿದ್ದುಪಡಿ ಪ್ರಬಂಧದ ಕರಡು ತರಿಸಿಕೊಂಡು ಓದಿದರು. ಕೊಡಗಿನವರು, ಮಾತು ಕಡಿಮೆ.

"ಇಪ್ಪತ್ತು ಸಾವಿರ ಚಿಲ್ಲರೆ ಸಂಖ್ಯೆಯ ಈ ಪ್ಯಾರಾ ಯಾಕೆ? 'ಮರುಪರಿಶೀಲನೆಯಲ್ಲಿ ಕಂಡುಬಂತು' ಅಂದ್ರೆ ಸಾಕಲ್ಲ?"

"ಮರುಪರಿಶೀಲನೆಯಲ್ಲಿ ಕಂಡುಬರಲಿಲ್ಲ ಸರ್. ಆರು ವರ್ಷದ ಹಿಂದೇನೇ ಒಬ್ರು ಹೇಳಿದ್ರು."

"ಹೆಸರು ಹಾಕಿದ್ರೆ, ಹೇಳಿದಾಗ ಯಾಕೆ ಕೇಳಲಿಲ್ಲ ಅಂತ ಕೇಳ್ತಾರೆ."

"ಕೇಳಲಿ ಸರ್. ನನ್ನ ಹೆಸರೂ ಅಲ್ಲೇ ಇದೆ."

ಮಂದಣ್ಣ ಕನ್ನಡಕ ತೆಗೆದು ಒರೆಸಿದರು. "ಆಕೆಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಪೇಪರಿನಲ್ಲಿ ಓದಿ ತಿಳಿಯೋದು ಬೇಡ."

ಗುಳೇದಗುಡ್ಡದ ಆ ಓಣಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೂ ಮಗ್ಗಗಳ ಸದ್ದಿತ್ತು. ಮೊದಲಿನಷ್ಟು ಇಲ್ಲ, ಎಂಟೋ ಹತ್ತೋ ಮನೆಗಳಲ್ಲಿ ಮಾತ್ರ ಉಳಿದಿವೆ ಎಂದು ದಾರಿ ತೋರಿಸಿದವರು ಹೇಳಿದರು. ದಾಕ್ಷಾಯಣಿಯವರ ಮನೆಯಿಂದ ಸದ್ದು ಬರುತ್ತಿರಲಿಲ್ಲ. ಸೊಸೆ ಸವಿತಾ ಬಾಗಿಲು ತೆರೆದಳು. ಹಿರಿಯೂರು ಎಂಬ ಹೆಸರು ಕೇಳಿದೊಡನೆ ಅವಳ ಮುಖ ಬದಲಾಯಿತು.

"ಅತ್ತೀ, ಚುಕ್ಕಿ ಆಫೀಸಿನವ್ರು ಬಂದಾರ" ಎಂದು ಒಳಗೆ ಕೂಗಿದಳು. ಮತ್ತೆ ಇವರ ಕಡೆ ತಿರುಗಿ, "ಇನ್ನೇನು ಹೇಳೂದು ಉಳಿದೈತ್ರಿ?" ಎಂದಳು.

ದಾಕ್ಷಾಯಣಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದರು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಕನ್ನಡಕ ಇರಲಿಲ್ಲ. "ಬರ್ರಿ, ಕೂಡ್ರಿ. ದೂರದಿಂದ ಬಂದೀರಿ. ಸವಿತಾ, ನೀರು ತಾರವಾ."

ನಡುಮನೆಯ ನೆಲದ ಒಂದು ಭಾಗಕ್ಕೆ ಮಾತ್ರ ಹೊಸ ಟೈಲ್ಸ್ ಹಾಕಿತ್ತು, ನಾಲ್ಕು ಅಡಿಗೆ ಮೂರು ಅಡಿ ಇರಬಹುದು. ಅದರ ಮೇಲೆ ಫ್ರಿಜ್ ನಿಂತಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಅಲ್ಲಿತ್ತೆಂಬುದು ರೇಣುಪ್ರಸಾದರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಮಗ್ಗ?" ಎಂದರು.

"ಬಾದಾಮಿ ರಸ್ತೆದಾಗ ಒಂದು ಹೋಟೆಲ್ ಐತಲ್ರಿ, ಅಲ್ಲಿ ಬಾಗಿಲದಾಗ ನಿಲ್ಲಿಸ್ಯಾರ. ಮಂದಿ ಫೋಟೋ ತಕ್ಕೋತಾರಂತ."

"ಯಾಕೆ ಬಿಟ್ರಿ ಅಮ್ಮ?"

ಉತ್ತರ ಕೊಟ್ಟದ್ದು ಸವಿತಾ. ಪತ್ರ ಬಂದ ದಿನ ಅಂಚೆಯಣ್ಣ ರಿಜಿಸ್ಟರ್ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಎಲ್ಲರಿಗಿಂತ ಹೆಚ್ಚು ಚಿತ್ರ ನೋಡಿದವರಿಗೆ ಸನ್ಮಾನ ಇರಬೇಕೆಂದು ಓಣಿಯವರೇ ಪೇಢಾ ತಂದರು. ಸವಿತಾ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದಳು. ನಾಲ್ಕನೇ ವಾಕ್ಯ ಓದಿದ ಮೇಲೆ ಯಾರೂ ಪೇಢಾ ಮುಟ್ಟಲಿಲ್ಲ.

"ಈ ಓಣ್ಯಾಗ ಯಾರು ಖಣ ಮುಗಿಸಿದ್ರೂ ಸಾವುಕಾರಗ ಒಯ್ಯೂದಕ್ಕಿಂತ ಮೊದಲ ಅತ್ತಿಗೆ ತೋರಸ್ತಿದ್ರು. ಅತ್ತಿ ಹೂಂ ಅಂದ್ರ ಹೂಂ. ಮರುದಿವಸ ಅತ್ತಿನ ಹೇಳಿಬಿಟ್ರು, ಇನ್ನ ನನಗ ತೋರಸಬ್ಯಾಡ್ರಿ ಅಂತ."

"ಬಾಗಲಕೋಟ್ಯಾಗ ಕಣ್ಣು ತೋರಿಸಿದ್ನಿರಿ" ಎಂದರು ದಾಕ್ಷಾಯಣಿ. ದನಿಯಲ್ಲಿ ದೂರು ಇರಲಿಲ್ಲ. "ಛಲೋ ಅದಾವ ಅಂದ್ರು. ಆದ್ರ ಡಾಕ್ಟರು ಗ್ವಾಡಿ ಮ್ಯಾಲಿನ ಅಕ್ಷರ ತೋರಿಸಿ ಹೇಳಿದ್ರು, ನೀವು ಚುಕ್ಕಿ ತೋರಿಸಿ ಹೇಳಿದ್ರಿ. ಎಳಿ ನೋಡೂದು ಅಕ್ಷರ ನೋಡಿದಂಗಲ್ಲ, ಚುಕ್ಕಿ ನೋಡಿದಂಗ. ಅದಕ್ಕ ನಿಮ್ಮ ಮಾತು ಖರೇ ಅನ್ಕೊಂಡೆ. ಆಮ್ಯಾಲ ನೇಯಾಕ ಕುಂತ್ರ ಎಲ್ಲಾ ಕಡೆ ತಪ್ಪ ಕಾಣತಿತ್ತು. ಸರಿ ಇದ್ದದ್ದೂ ಬಿಚ್ಚತಿದ್ದೆ. ಒಂದು ಸೂಜಿಮಲ್ಲಿಗಿ ಚಿತ್ತಾರದ ಖಣ ಮೂರು ಸಲ ಬಿಚ್ಚಿದೆ. ನೂಲು ಹಾಳು, ಹೊತ್ತು ಹಾಳು."

ರೇಣುಪ್ರಸಾದ್ ದಾರಿಯಲ್ಲಿ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದರು. ಅವು ಈಗ ಉಪಯೋಗಕ್ಕೆ ಬರಲಿಲ್ಲ. ಮೂವತ್ತೆಂಟು ಜಾಗಗಳ ವಿಷಯ ಹೇಳಿದರು. ಸರಾಸರಿಯ ವಿಷಯ ಹೇಳಿದರು. ಆಕೆಯ ಸಂದೇಶವನ್ನು ಊಟದ ಹೊತ್ತಿನಲ್ಲಿ ಕೇಳಿಸಿ ನಕ್ಕದ್ದನ್ನೂ, ಕಣ್ಣಿನ ಮಾತು ತಮ್ಮದೆಂಬುದನ್ನೂ ಹೇಳಿದರು.

ದಾಕ್ಷಾಯಣಿ ಕೊನೆಯವರೆಗೂ ಕೇಳಿದರು. "ಹಂಗಾರ ಹಣಿಗಿ ಕೆಟ್ಟಿತ್ತಲ್ಲ?"

"ಕೆಟ್ಟಿತ್ತು ಅಮ್ಮ."

"ನೋಡಿದ್ರ ಗೊತ್ತಾಗತಿತ್ತಲ್ಲ?"

"ಗೊತ್ತಾಗ್ತಿತ್ತು. ನೋಡಲಿಲ್ಲ."

ಆಕೆ ಫ್ರಿಜ್ಜಿನ ಕೆಳಗಿನ ಟೈಲ್ಸ್ ಕಡೆ ನೋಡಿದರು. ಆಮೇಲೆ ಕೇಳಿದರು: "ಕಾಗದ ತಂದೀರೇನು?"

ತಂದಿದ್ದರು. ಅದೇ ಮುದ್ರೆಯ ಕಾಗದ, ಮಂದಣ್ಣನವರ ಸಹಿ, ರೇಣುಪ್ರಸಾದರ ಸಹಿ.

"ಆ ಪತ್ರ ಕಟ್ಟಿ ಮ್ಯಾಲ ನಿಂತು ಓದಿದ್ವಿ. ಇದನ್ನೂ ಅಲ್ಲೇ ಓದ್ರಿ. ನನಗ ಹೇಳಿದ್ರ ನನಗಷ್ಟ ಗೊತ್ತಾಗತೈತಿ."

ಸವಿತಾ ಓಣಿಗೆ ಹೋಗಿ ಕರೆದಳು. ಮಗ್ಗಗಳು ಒಂದೊಂದಾಗಿ ನಿಂತವು. ಹದಿನೈದು ಇಪ್ಪತ್ತು ಜನ ಸೇರಿದರು. ರೇಣುಪ್ರಸಾದ್ ಕಟ್ಟೆಯ ಮೇಲೆ ನಿಂತು ಓದಿದರು. ಸಾವಿರಾರು ಜನರ ಸಭೆಗಳಲ್ಲಿ ಮಾತಾಡಿದ್ದವರು. ಇಲ್ಲಿ ಎರಡು ಕಡೆ ತಡವರಿಸಿದರು. "ಶ್ರೀಮತಿ ದಾಕ್ಷಾಯಣಿ ರಂಜಣಗಿ ಅವರ ದೃಷ್ಟಿ ಸರಿಯಾಗಿತ್ತು. ತಪ್ಪಿದ್ದುದು ಕೇಂದ್ರದ ಉಪಕರಣ ಮತ್ತು ಕೇಂದ್ರದ ಪದ್ಧತಿ. ಹೇಳಿದಾಗ ಕೇಳದೆ ಹೋದದ್ದು ಕೆಳಗೆ ಸಹಿ ಮಾಡಿದವನ ತಪ್ಪು."

"ಆರು ವರ್ಷ ಬೇಕಾತೇನ್ರಿ ಸಾಹೇಬ್ರ, ಇಷ್ಟು ಬರಿಯಾಕ?" ಎಂದ ಹೆಗಲ ಮೇಲೆ ನೂಲಿನ ಲಡಿ ಹಾಕಿಕೊಂಡಿದ್ದ ಮುದುಕನೊಬ್ಬ.

"ಆಗ ಪೇಢಾ ನಾವು ತಂದಿದ್ವಿ. ಈಗ ಇವ್ರು ತಂದಾರೇನು ಕೇಳ್ರೆವ್ವಾ" ಎಂದಳು ಇನ್ನೊಬ್ಬಳು. ಜನ ನಕ್ಕರು. ರೇಣುಪ್ರಸಾದ್ ತಂದಿರಲಿಲ್ಲ. ಆ ನಗೆ ತಮ್ಮ ಊಟದ ಮೇಜಿನ ನಗೆಗಿಂತ ಎಷ್ಟೋ ಮೆದುವಾಗಿದೆ ಎಂದು ಅವರಿಗೆ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಜನ ಚದುರಿದರು, ಮಗ್ಗಗಳು ಮತ್ತೆ ಶುರುವಾದವು. ಒಳಗೆ ಚಹಾ ಬಂತು. ರೇಣುಪ್ರಸಾದ್ ಚೀಲದಿಂದ ಟ್ಯಾಬ್ ತೆಗೆದರು. ಹೊಸ ದೂರದರ್ಶಕದ ಚಿತ್ರಗಳನ್ನು ನೋಡಲು ಕೇಂದ್ರಕ್ಕೆ ಮತ್ತೆ ಜನ ಬೇಕು, ಈ ಸಲ ಹೊಸಬರಿಗೆ ಕಲಿಸುವ ಕೆಲಸವನ್ನು ದಾಕ್ಷಾಯಣಿಯವರೇ ಮಾಡಬೇಕು ಎಂದರು. ಇದನ್ನೂ ಪ್ರಾಮಾಣಿಕವಾಗಿಯೇ ಹೇಳಿದರು. ಮಗ್ಗವನ್ನು ಹೋಟೆಲಿನಿಂದ ಮರಳಿ ತರಿಸಲು ಆಗುವುದೇನೋ ವಿಚಾರಿಸುತ್ತೇನೆ ಎಂದೂ ಸೇರಿಸಿದರು.

"ತೋರಸ್ರಿ ನೋಡೂಣು" ಎಂದು ದಾಕ್ಷಾಯಣಿ ಕೈ ಚಾಚಿದರು.

ರೇಣುಪ್ರಸಾದ್ ಅತಿ ಸುಲಭವಾದ ಒಂದು ಚಿತ್ರ ಆರಿಸಿದರು. ಹಳೆಯ ದೂರದರ್ಶಕದ್ದು. ಬಯಲಿನ ನಡುಭಾಗ, ಒಂದೇ ಚುಕ್ಕೆ, ಎಡಗಡೆ ಮೇಲೆ. ಆಕೆ ಮೊದಲು ನೂರಾರು ಸಲ 'ಇಲ್ಲ' ಒತ್ತಿದ್ದ ಜಾಗ.

ದಾಕ್ಷಾಯಣಿ ಟ್ಯಾಬನ್ನು ಬಾಗಿಲ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಒಯ್ದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಬೆರಳು ಬಲಗಡೆ ಹೋಯಿತು, ಎಡಗಡೆ ಹೋಯಿತು. ಎರಡು ನಿಮಿಷ ಕಳೆಯಿತು. ಸವಿತಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೇಳಿಕೊಡಲೇ ಎಂದು ರೇಣುಪ್ರಸಾದ್ ಬಾಯಿ ತೆರೆದರು. ಹೇಳಿಕೊಡುವ ಹಕ್ಕು ತಮಗಿಲ್ಲವೆಂದು ಮುಚ್ಚಿದರು.

"ಮೊದಲಾಗಿದ್ರ ಹೇಳ್ತಿದ್ನಿರಿ ಸರ" ಎಂದರು ದಾಕ್ಷಾಯಣಿ.

ಅವರ ಬೆರಳು ಮೂರನೆಯ ಗುಂಡಿಯನ್ನು ಒತ್ತಿತು. ಪರದೆಯ ಮೇಲೆ ಅಕ್ಷರ ಮೂಡಿತು: ಗೊತ್ತಿಲ್ಲ.